ಸ್ಪಷ್ಟನೆ: ಯೆಮನ್ ಯುದ್ಧ ಬರೀ ಶಿಯಾ-ಸುನ್ನಿ ಜಗಳವಲ್ಲ
ಯೆಮನ್‌ನಲ್ಲಿ ನಡೆಯುತ್ತಿರುವುದು 1400 ವರ್ಷಗಳ ಶಿಯಾ-ಸುನ್ನಿ ಹಗೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಯೆಮನ್‌ನ ಉತ್ತರ ಭಾಗದ ಬಂಡುಕೋರರಾದ ಹೌತಿಗಳು ಜೈದಿ ಎಂಬ ಶಿಯಾ ಪಂಗಡದವರು, ನಿಜ. ಆದರೆ 2004ರಿಂದ 2010ರವರೆಗೆ ಅವರ ಮೇಲೆ ಆರು ಸುತ್ತು ಯುದ್ಧ ಮಾಡಿದ ಅಧ್ಯಕ್ಷ ಅಲಿ ಅಬ್ದುಲ್ಲಾ ಸಾಲೇಹ್ ಕೂಡ ಜೈದಿ ಮನೆತನದವರೇ. ಮುಂದೆ ಅದೇ ಸಾಲೇಹ್ ಹೌತಿಗಳ ಜತೆ ಕೈಜೋಡಿಸಿದರು. 2017ರ ಡಿಸೆಂಬರ್‌ನಲ್ಲಿ ಅವರ ಕೈಯಲ್ಲೇ ಹತರಾದರು. ಇನ್ನೂ ಹಿಂದೆ ಹೋಗಿ ನೋಡಿ: 1962ರಲ್ಲಿ ಶುರುವಾದ ಅಂತರ್ಯುದ್ಧದಲ್ಲಿ ಸುನ್ನಿ ಸೌದಿ ಅರೇಬಿಯಾ ನೆರವಾದದ್ದು ಅಲ್ಲಿ ಆಳುತ್ತಿದ್ದ ಜೈದಿ ಇಮಾಮರಿಗೆ. ಎದುರು ಪಾಳಯದಲ್ಲಿದ್ದದ್ದು ಸುನ್ನಿ ಬಹುಸಂಖ್ಯಾತ ಈಜಿಪ್ಟಿನ ಸೇನೆ!

ಜೈದಿಗಳೂ ಯೆಮನ್‌ನ ಶಾಫಿ ಪಂಥದ ಸುನ್ನಿಗಳೂ ಅಲ್ಲಿ ಒಂದೇ ಮಸೀದಿಯಲ್ಲಿ ನಮಾಜು ಮಾಡಿಕೊಂಡು ಬಂದವರು. 2015ರ ಮಾರ್ಚ್‌ನಿಂದ ಒಂದೆಡೆ ಹೌತಿಗಳ ಮೇಲೆ ಸೌದಿ ನೇತೃತ್ವದ ಕೂಟದ ಬಾಂಬು, ಇನ್ನೊಂದೆಡೆ ಹೌತಿಗಳಿಗೆ ಇರಾನಿನ ಶಸ್ತ್ರ. ಬಿರುಕು ಅಗಲವಾದದ್ದು ಆಮೇಲೆ. ಯೆಮನ್‌ಗೆ ಆಹಾರ ಬರುವ ಹೊದೈದಾ ಬಂದರಿಗೆ ಸೌದಿ ಕೂಟ ಹಡಗುಗಳನ್ನು ತಡೆದಾಗ ಮಕ್ಕಳು ಹಸಿದದ್ದು ಪಂಥದ ಕಾರಣಕ್ಕಲ್ಲ.