ಒಂದು ಮಳೆಗಾಲ ನಿಲ್ಲದ್ದನ್ನು ಮಾರಬೇಡಿ

ನಿನ್ನೆ ಮಣಿಪಾಲದ ಒಬ್ಬರು ಫೋಟೋ ಕಳಿಸಿದ್ದರು. ಹೂದೋಟದಲ್ಲಿ ಇಡುವ ಮರದ ಗಾಳಿಯಂತ್ರ, ಮೂರಡಿ ಎತ್ತರದ್ದು, ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಮೇ ತಿಂಗಳಲ್ಲಿ ಬಂದದ್ದು. ಈಗಿನ್ನೂ ಆಗಸ್ಟ್. ಎರಡು ರೆಕ್ಕೆ ಉದುರಿದೆ, ಬುಡದಲ್ಲಿ ಬಿಳಿ ಅಣಬೆ ಎದ್ದಿದೆ. ಫೋಟೋದ ಕೆಳಗೆ ಒಂದು ಸಾಲು: "ಅಣ್ಣ, ಮರದ ಸಹವಾಸವೇ ಸಾಕು, ಇನ್ನು ಸಿಮೆಂಟಿನದ್ದೇ ತಗೊಳ್ತೇನೆ."

ಅದನ್ನು ಓದಿದ ಮೇಲೆ ನಿದ್ದೆ ಸರಿ ಬರಲಿಲ್ಲ. ನಾನು ಏಳು ವರ್ಷದಿಂದ ಇದೇ ಕೆಲಸ ಮಾಡಿಕೊಂಡು ಬಂದವನು. ಹೂಕುಂಡ ಇಡುವ ಪುಟ್ಟ ಎತ್ತಿನಗಾಡಿ, ಹಕ್ಕಿಗೂಡು, ಅಂಗಳದ ಲಾಟೀನು ಕಂಬ, ಹಂಚಿನ ಮಾಡಿನ ಚಿಕ್ಕ ಮನೆ, ಇಂಥವು. ಮನೆಯ ಹಿಂದೆ ಶೆಡ್ ಇದೆ, ಜೊತೆಗೆ ಒಬ್ಬ ಹುಡುಗ ಇದ್ದಾನೆ, ಅಷ್ಟೇ. ಆ ಗಾಳಿಯಂತ್ರ ಮಾಡಿದವರು ಯಾರೋ, ಎಲ್ಲಿಯವರೋ ಗೊತ್ತಿಲ್ಲ. ಆದರೆ ಅದು ಕುಂಬಾದಾಗ, ಅಂದರೆ ಕೊಳೆತು ಮೆತ್ತಗಾದಾಗ, ಆ ಮನೆಯವರು ಮಾಡಿದವನನ್ನು ಬೈಯಲಿಲ್ಲ, ಮರವನ್ನು ಬೈದರು. ಇನ್ನು ಅವರು ನನ್ನ ಹತ್ತಿರವೂ ಬರುವುದಿಲ್ಲ, ಕಾರ್ಕಳದಲ್ಲೋ ಕುಂದಾಪುರದಲ್ಲೋ ಇದೇ ಕೆಲಸ ಮಾಡುವ ಇನ್ನೊಬ್ಬರ ಹತ್ತಿರವೂ ಹೋಗುವುದಿಲ್ಲ.

ಇದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೊದಲ ವರ್ಷ ನಾನು ಮಾಡಿದ್ದೆಲ್ಲ ಪ್ಯಾಲೆಟ್ ಮರದಲ್ಲಿ. ಬಂದರಿಗೆ ಬರುವ ಸರಕಿನ ಅಡಿಯಲ್ಲಿ ಇರುತ್ತದಲ್ಲ, ಆ ಪೈನ್ ಚೌಕಟ್ಟು, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರ ಮೇಲೆ ಗೋಧಿ ತೆನೆಯ ಹಾಗೆ ಒಂದು ಮುದ್ರೆ, ಪಕ್ಕದಲ್ಲಿ ಎಚ್‌ಟಿ ಅಂತ ಎರಡಕ್ಷರ. ಅಂದರೆ ಮರದ ಒಳಗಿನವರೆಗೆ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಅಂತ. ನಾನು ಅದನ್ನು ನೋಡಿ, ಇದಕ್ಕೆ ಇನ್ನು ಹುಳ ಹಿಡಿಯುವುದಿಲ್ಲ, ಗಟ್ಟಿ ಮರ ಅಂತ ನಂಬಿದೆ. ಆ ಶಾಖ ಆವತ್ತು ಒಳಗಿದ್ದ ಹುಳವನ್ನು ಕೊಲ್ಲುತ್ತದೆ, ಒಂದು ದೇಶದ ಹುಳ ಇನ್ನೊಂದು ದೇಶಕ್ಕೆ ಹೋಗದ ಹಾಗೆ. ನಾಳೆ ಹತ್ತುವ ಒರಲೆಗೆ (ಗೆದ್ದಲಿಗೆ), ನಮ್ಮ ಮಳೆಗೆ ಅದರಿಂದ ಏನೂ ಆಗುವುದಿಲ್ಲ. (ಎಂಬಿ ಅಂತ ಮುದ್ರೆ ಇದ್ದರೆ ಮುಟ್ಟಲೇಬೇಡಿ, ಅದು ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು.)

ಆ ವರ್ಷ ಹನ್ನೊಂದು ಗಾಡಿ ಮಾರಿದೆ. ಚಂದ ಪೇಂಟ್, ಮೇಲೆ ವಾರ್ನಿಷ್, ಫೋಟೋದಲ್ಲಿ ನೋಡಿದರೆ ಕಣ್ಣು ಕುಕ್ಕುವ ಹಾಗಿತ್ತು. ಆಗಸ್ಟ್‌ನಲ್ಲಿ ಕುಂಜಿಬೆಟ್ಟಿನಿಂದ ಒಬ್ಬರು ನಿವೃತ್ತ ಟೀಚರ್ ಫೋನ್ ಮಾಡಿದರು. ಸಿಟ್ಟಿನ ದನಿಯೇ ಇಲ್ಲ. "ನೀವು ಒಮ್ಮೆ ಬಂದು ನೋಡಿ ಹೋಗಿ ಮಾರಾಯ್ರೆ" ಅಂದರು. ಹೋದೆ. ಗಾಡಿಯ ಒಂದು ಚಕ್ರವನ್ನು ಬೆರಳಲ್ಲಿ ಒತ್ತಿದರೆ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಯಿತು. ಮೇಲಿನ ವಾರ್ನಿಷ್ ಮಾತ್ರ ಪ್ಲಾಸ್ಟಿಕ್ ಹಾಳೆಯ ಹಾಗೆ ಪೂರ್ತಿ ಇತ್ತು, ಅದರ ಅಡಿಯಲ್ಲಿ ನೀರು. ಕುಂಡದಲ್ಲಿ ಅವರು ಪ್ರೀತಿಯಿಂದ ನೆಟ್ಟಿದ್ದ ಮಲ್ಲಿಗೆ ಗಿಡ ಪಕ್ಕಕ್ಕೆ ವಾಲಿತ್ತು. ಚಾ ಕೊಟ್ಟರು. ಕುಡಿಯುವುದು ಕಷ್ಟವಾಯಿತು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹನ್ನೊಂದರಲ್ಲಿ ಎಂಟು ಗಾಡಿ ಹಾಗೇ ಆಗಿತ್ತು. ಎಂಟೂ ಮನೆಗೆ ಹೋಗಿ ಹಣ ವಾಪಸ್ ಕೊಟ್ಟೆ.

ಆಮೇಲೆ ನಾನು ಹೋದದ್ದು ಮಲ್ಪೆಗೆ, ದೋಣಿ ಕೆಲಸ ಮಾಡುತ್ತಿದ್ದ ಹಿರಿಯ ಆಚಾರ್ರ ಹತ್ತಿರ. ಈಗ ಬೋಟುಗಳೆಲ್ಲ ಹೆಚ್ಚಾಗಿ ಉಕ್ಕು, ಫೈಬರ್ ಆಗಿವೆ, ಅವರಿಗೂ ಕೆಲಸ ಕಡಿಮೆ. ನಾನು ಕೇಳಿದ್ದು ಒಂದೇ. ದೋಣಿ ವರ್ಷಗಟ್ಟಲೆ ನೀರಲ್ಲೇ ಇರುತ್ತದೆ, ನನ್ನ ಗಾಡಿ ಮೂರು ತಿಂಗಳ ಮಳೆಗೆ ಯಾಕೆ ಹೋಯಿತು? ಅವರು ಹೇಳಿದರು, "ದೋಣಿ ಅಡಿಯಿಂದ ಕುಂಬಾಗೂದು ಕಡಿಮೆ ಮಾರಾಯ. ಮೇಲಿಂದ ಮಳೆನೀರು ಬಿದ್ದು ಎಲ್ಲಿ ನಿಲ್ತದೋ ಅಲ್ಲಿಂದ ಹೋಗ್ತದೆ." ಅಣಬೆ ಜಾತಿಗೆ ಉಪ್ಪುನೀರು ಆಗಿಬರುವುದಿಲ್ಲ, ಮಳೆಯ ಸಿಹಿನೀರು ಬೇಕು. ಮರದ ತೇವ ನೂರಕ್ಕೆ 20 ದಾಟಿ ಅಲ್ಲೇ ನಿಂತರೆ ಅದಕ್ಕೆ ಹಬ್ಬ.

ಅವತ್ತಿನಿಂದ ನನ್ನ ಕೆಲಸವೇ ಬದಲಾಯಿತು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಇದರ ಕಾಲುಭಾಗದಷ್ಟು. ಅಲ್ಲಿ ಐದು ವರ್ಷ ಬರುವ ಸಾಮಾನು ಇಲ್ಲಿ ಐದು ವರ್ಷ ಬರುತ್ತದೆ ಅಂತ ಹೇಗೆ ಹೇಳುವುದು? ನಮ್ಮ ಹಿರಿಯರು ಮಣ್ಣಿನ ಗೋಡೆಗೂ ಮಳೆಗಾಲ ಬರುವ ಮೊದಲು ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾವು ಯೂಟ್ಯೂಬ್ ನೋಡಿ ಯಾವುದೋ ಚಳಿ ದೇಶದ ನಮೂನೆಯನ್ನು ಹಾಗೆಯೇ ಇಳಿಸಿ ಅಂಗಳದಲ್ಲಿ ನಿಲ್ಲಿಸುತ್ತೇವೆ.

ಈಗ ನಾನು ಹಲಸು, ಹೆಬ್ಬಲಸು ಬಿಟ್ಟು ಬೇರೆ ಮರ ಮುಟ್ಟುವುದು ಕಡಿಮೆ. ಸಾಗುವಾನಿ ಒಳ್ಳೆಯದೇ, ಆದರೆ ನನ್ನ ಗಿರಾಕಿಗಳಿಗೆ ಆ ರೇಟು ಎಟಕುವುದಿಲ್ಲ. ಹಲಸಿನ ಮರದ ತಿರುಳಿಗೆ ಒರಲೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಮದ್ದಳೆಗೆ ಬಳಸುವುದೂ ಇದೇ ಮರ. ಕೊಯ್ದ ದಿನ ಅರಶಿನದ ಬಣ್ಣ, ಬಿಸಿಲು ಗಾಳಿ ತಾಗಿ ಒಂದೆರಡು ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ನೋಡಲಿಕ್ಕೇ ಒಂದು ಖುಷಿ, ಅದರ ಮೇಲೆ ಪೇಂಟ್ ಬಳಿಯುವುದು ನನಗೆ ಆಗುವುದಿಲ್ಲ. ಆದರೆ ತಿರುಳಿನ ಹೊರಗಿನ ಬಿಳಿ ಭಾಗವನ್ನು ತೆಗೆಯಲೇಬೇಕು, ಅದಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ. ಮರ ತೆಗೆದುಕೊಂಡವರಿಗೆ ಗೊತ್ತು, ಇಲ್ಲಿಯೇ ಎಷ್ಟೊಂದು ಕಳೆದುಹೋಗುತ್ತದೆ ಅಂತ.

ಮತ್ತೆ ಒಣಗಿಸುವುದು. ಒಂದು ಇಂಚು ದಪ್ಪದ ಹಲಗೆ ನೆರಳಲ್ಲಿ ಗಾಳಿಗೆ ಒಣಗಲಿಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ನನ್ನ ಶೆಡ್ಡಿನಲ್ಲಿ ಈಗ ಅಟ್ಟಿ ಕಟ್ಟಿದ ಮರ ಮುಂದಿನ ವರ್ಷದ ಗಾಡಿಗೆ. ಆ ದುಡ್ಡು ಅಷ್ಟು ದಿನ ಸುಮ್ನೆ ಅಲ್ಲಿ ಕೂತಿರುತ್ತದೆ.

ಕಾಲುಗಳನ್ನು ಮಣ್ಣಿಗೆ ತಾಗಿಸುವುದಿಲ್ಲ, ಅಡಿಗೆ ಕಲ್ಲು ಅಥವಾ ಹಂಚಿನ ಚೂರು. ಮರದ ಅಡ್ಡ ಕೊಯ್ದ ಮುಖ ಇರುತ್ತದಲ್ಲ, ಉಂಗುರ ಕಾಣುವ ಬದಿ, ಅದು ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತದೆ. ಅದನ್ನು ಆಕಾಶಕ್ಕೆ ಮುಖ ಮಾಡಿ ಬಿಡುವುದೇ ಇಲ್ಲ, ಇಳಿಜಾರು ಕೊಯ್ಯುತ್ತೇನೆ, ಇಲ್ಲವೇ ಮೇಲೆ ಒಂದು ಟೋಪಿ ಕೂರಿಸುತ್ತೇನೆ. ಕುಂಡದ ಅಡಿಯಲ್ಲಿ ಹಲಗೆ ಹಲಗೆಯ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಮೊಳೆ ಹೊಡೆದರೆ ಕಡಲ ಗಾಳಿಗೆ ಒಂದೇ ವರ್ಷದಲ್ಲಿ ತುಕ್ಕಿನ ಕಪ್ಪು ಗೆರೆ ಇಳಿಯುತ್ತದೆ. ಹಾಗಾಗಿ ಸ್ಟೀಲ್ ಸ್ಕ್ರೂ, ಪಡುಕೆರೆ, ಕಾಪು ಕಡೆ ಸಮುದ್ರದ ಪಕ್ಕದ ಮನೆಗಾದರೆ ಉಪ್ಪುಗಾಳಿಗೂ ಸುಲಭಕ್ಕೆ ತುಕ್ಕು ಹಿಡಿಯದ 316 ನಂಬರಿನ ಸ್ಟೀಲಿನದ್ದು. ಮೇಲಿಂದ ವಾರ್ನಿಷ್ ಇಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ, ನಮ್ಮ ಕಡೆ ದೋಣಿಗೆ, ಮಾಡಿನ ಪಕ್ಕಾಸಿಗೆ ಹಚ್ಚುತ್ತಿದ್ದದ್ದು. ಬಣ್ಣ ಕಪ್ಪಾಗುತ್ತದೆ, ಒಣಗಲಿಕ್ಕೂ ತಡ, ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು. ಅದಕ್ಕೇ ಅದು ಕಾಲುಗಳಿಗೆ, ಅಡಿಭಾಗಕ್ಕೆ ಮಾತ್ರ.

ಹಕ್ಕಿಗೂಡಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅತಿ ಜಾಸ್ತಿ ಮಾರಾಟ ಆಗುವುದು ಅದೇ, ಅತಿ ಜಾಸ್ತಿ ತಪ್ಪು ಇರುವುದೂ ಅದರಲ್ಲೇ. ಗುಬ್ಬಚ್ಚಿಗೆ 32 ಮಿಲಿಮೀಟರ್ ತೂತು ಸಾಕು. ತೂತಿನ ಎದುರು ಕೂರಲಿಕ್ಕೆ ಕಡ್ಡಿ ಇಡಬೇಡಿ, ಮರಿಗೆ ಹೊಂಚು ಹಾಕುವ ಕಾಗೆ ಅದರ ಮೇಲೆ ಆರಾಮವಾಗಿ ಕೂರುತ್ತದೆ. ಒಳಗೆ ಪೇಂಟ್ ಬೇಡ. ಪಿಕಳಾರ ಬರುತ್ತದೆ ಅಂತ ಹೇಳಿ ಮಾರುವವರೂ ಇದ್ದಾರೆ. ಅದು ಗಿಡದ ಕವಲಲ್ಲಿ ಬಟ್ಟಲಿನ ಹಾಗೆ ಗೂಡು ಕಟ್ಟುವ ಹಕ್ಕಿ, ಪೆಟ್ಟಿಗೆಯೊಳಗೆ ಹೋಗುವುದೇ ಇಲ್ಲ.

ರೇಟಿನ ವಿಷಯಕ್ಕೆ ಬರುತ್ತೇನೆ. ಒಂದು ಗಾಡಿಗೆ ಮರ 1400, ಸ್ಕ್ರೂ, ಪಟ್ಟಿ 350, ಎಣ್ಣೆ, ಸ್ಯಾಂಡ್‌ಪೇಪರ್ 200, ಎರಡೂವರೆ ದಿನದ ಕೆಲಸಕ್ಕೆ ದಿನಕ್ಕೆ 1100ರ ಹಾಗೆ 2750. ಒಟ್ಟು 4700. ನಾನು 5200ಕ್ಕೆ ಕೊಡುತ್ತೇನೆ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಬಂದವರು ಮುಟ್ಟಿ ನೋಡಿ, "ಆನ್‌ಲೈನ್‌ನಲ್ಲಿ 1800ಕ್ಕೆ ಸಿಗ್ತದಲ್ಲ" ಅಂತ ಹೇಳಿ ಹೋಗುತ್ತಾರೆ. ಸಿಗುತ್ತದೆ. ಅದು ವರಾಂಡದಲ್ಲಿ ಇಡುವಂಥದ್ದು. ಹಾಗಂತ ಮಾರುವವರು ಬರೆದುಬಿಟ್ಟರೆ ನನ್ನ ತಕರಾರೇ ಇಲ್ಲ. ಮಳೆಗೆ ಇಡಬೇಡಿ ಅಂತ ಒಂದು ಚೀಟಿ ಅಂಟಿಸಲಿಕ್ಕೆ ಎಷ್ಟು ಖರ್ಚು? ಅಂಗಳಕ್ಕೆ, ಹೂದೋಟಕ್ಕೆ ಅಂತ ಹೇಳಿ ಪೈನ್ ಮರಕ್ಕೆ ಪೇಂಟ್ ಬಳಿದು ಕಳಿಸುವುದು ಮೋಸ, ಇದನ್ನು ಬೇರೆ ಶಬ್ದದಲ್ಲಿ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಹಾಗಾಗಿ ಹೊಸದಾಗಿ ಶುರು ಮಾಡುವ ಹುಡುಗರಿಗೆ, ಮನೆಯಿಂದಲೇ ಮಾರುವ ಅಕ್ಕಂದಿರಿಗೆ ಕೇಳಿಕೊಳ್ಳುವುದು ಇಷ್ಟು. ಹೊಸ ನಮೂನೆ ಮಾಡಿದರೆ ಮೊದಲನೆಯದ್ದನ್ನು ನಿಮ್ಮ ಅಂಗಳದಲ್ಲೇ ಇಡಿ. ಚಪ್ಪರದ ಅಡಿಯಲ್ಲಿ ಬೇಡ, ಮಾಡಿನ ನೀರು ಬೀಳುವಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ಕಳೆಯಲಿ. ತಗೊಳ್ಳುವವರೂ ಕೇಳಿ: ಯಾವ ಮರ, ಎಷ್ಟು ದಿನ ಒಣಗಿಸಿದ್ದು, ಇದು ಮಳೆ ಕಂಡಿದೆಯಾ ಅಂತ.

ನನ್ನ ಅಂಗಳದಲ್ಲಿ ಈ ಸಲ ಮೂರು ಲಾಟೀನು ಕಂಬ ನಿಂತಿದೆ, ಮೂರಕ್ಕೂ ಬೇರೆ ಬೇರೆ ಜೋಡಣೆ. ಬೆಳಿಗ್ಗೆ ಕೊಡೆ ಹಿಡಿದುಕೊಂಡು ಹೋಗಿ ನೋಡಿದೆ. ಎರಡು ಗಟ್ಟಿ ಇದೆ. ಮೂರನೆಯದರ ಮೇಲಿನ ಅಡ್ಡಪಟ್ಟಿ ಉಬ್ಬಿ, ಜೋಡಣೆ ಒಂದು ನೂಲಿನಷ್ಟು ಬಿಟ್ಟುಕೊಂಡಿದೆ. ಅದಕ್ಕೆ ನಾಲ್ಕು ಜನ ಆಗಲೇ ಆರ್ಡರ್ ಕೊಟ್ಟಿದ್ದರು. ಮಧ್ಯಾಹ್ನ ನಾಲ್ವರಿಗೂ ಫೋನ್ ಮಾಡಿ, ಈ ವರ್ಷ ಅದು ಆಗುವುದಿಲ್ಲ, ಮುಂದಿನ ಮಳೆಗಾಲ ಕಳೆಯಲಿ ಅಂತ ಹೇಳಿದೆ. ಮೂವರು ಕಾಯುತ್ತೇವೆ ಅಂದರು.