ಇಳಿಯುವ ದಿನ ಗೊತ್ತಿಲ್ಲದ ಜನರಲ್

ಕಾರ್ಯಪ್ಪನವರ ಆ ಕತೆ ವಾಟ್ಸಾಪ್‌ನಲ್ಲಿ ಮತ್ತೆ ಸುತ್ತುತ್ತಿದೆ. 1965ರ ಯುದ್ಧದ ಕೊನೆಯಲ್ಲಿ ಅವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನ ಉರುಳಿದ್ದು, ಮಗ ಪಾಕಿಸ್ತಾನದಲ್ಲಿ ಸೆರೆಯಾದದ್ದು, ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಳೆಯ ಪರಿಚಯದ ಮೇಲೆ ಬಿಟ್ಟು ಕಳಿಸುತ್ತೇನೆ ಅಂದದ್ದು, ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದು ಇವರು ತಿರುಗಿ ಹೇಳಿದ್ದು. ಎಷ್ಟು ಸಲ ಓದಿದರೂ ಎದೆ ತುಂಬುತ್ತದೆ. ಆದರೆ ಈ ಸಲ ಕತೆಯ ಬಾಲಕ್ಕೆ ಯಾರೋ ಎರಡು ಸಾಲು ಕಟ್ಟಿದ್ದಾರೆ: ಅಯೂಬ್ ಎಂಥ ಶಿಸ್ತಿನ ಆಡಳಿತಗಾರ ನೋಡಿ, ನಮ್ಮ ದೇಶಕ್ಕೂ ಹತ್ತು ವರ್ಷ ಅಂಥ ಒಬ್ಬ ಮಿಲಿಟರಿ ಮನುಷ್ಯ ಬೇಕು.

ಓದಿ ಸಿಟ್ಟು ಬಂತು. ಶಿಸ್ತು ಅಂದರೆ ಏನು ಅಂದುಕೊಂಡಿದ್ದೀರಿ?

ಸೈನ್ಯದಲ್ಲಿ ಶಿಸ್ತಿನ ಮೊದಲ ಪಾಠ ಮೇಲಿನವರ ಮಾತು ಕೇಳುವುದು, ಅವಧಿ ಮುಗಿದ ದಿನ ಬೆಲ್ಟ್ ಬಿಚ್ಚಿಟ್ಟು ಮನೆಗೆ ಹೋಗುವುದು. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ನಾಲ್ಕು ವರ್ಷ ತುಂಬುತ್ತಲೇ 1953ರ ಜನವರಿಯಲ್ಲಿ ನಿವೃತ್ತರಾದರು. ಅಯೂಬ್ 1951ರ ಜನವರಿ 17ರಂದು ಪಾಕಿಸ್ತಾನದ ಸೇನೆಯ ಮೊದಲ ಸ್ವದೇಶಿ ಮುಖ್ಯಸ್ಥ. ಆ ಕುರ್ಚಿಗೆ ಮೊದಲು ಗೊತ್ತಾಗಿದ್ದವರು ಇಫ್ತಿಕಾರ್ ಖಾನ್, 1949ರ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಗೆ ಒದಗಿ ಬಂದ ಕುರ್ಚಿಯಿಂದ ಅಯೂಬ್ ಅವಧಿ ಮುಗಿದಾಗ ಇಳಿಯಲಿಲ್ಲ, ವಿಸ್ತರಣೆ ಪಡೆದರು. 1954ರಲ್ಲಿ ಸಮವಸ್ತ್ರ ಕಳಚದೆಯೇ ರಕ್ಷಣಾ ಮಂತ್ರಿಯೂ ಆದರು. ಸೇನಾ ಮುಖ್ಯಸ್ಥ ಯಾವ ಮಂತ್ರಿಗೆ ಲೆಕ್ಕ ಒಪ್ಪಿಸಬೇಕೋ ಆ ಮಂತ್ರಿಯೂ ತಾನೇ. ಅಯೂಬ್ ಅಧಿಕಾರ ಕಿತ್ತುಕೊಂಡ ದಂಗೆ 1958ರಲ್ಲಿ ಆಯಿತು ಅಂತ ಪಾಠದಲ್ಲಿ ಓದುತ್ತೇವೆ. ನನ್ನ ಮಟ್ಟಿಗೆ ಬೇಲಿ ಮುರಿದದ್ದು ನಾಲ್ಕು ವರ್ಷ ಮೊದಲೇ.

1958ರಲ್ಲಿ ನಡೆದದ್ದನ್ನು ದಿನ ಎಣಿಸಿಕೊಂಡು ನೋಡಬೇಕು. 1959ರ ಆರಂಭದಲ್ಲಿ ಪಾಕಿಸ್ತಾನದ ಮೊದಲ ಸಾರ್ವತ್ರಿಕ ಚುನಾವಣೆ ಆಗಬೇಕಿತ್ತು. ಅಕ್ಟೋಬರ್ 7ರ ರಾತ್ರಿ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿ ಮಾರ್ಷಲ್ ಲಾ ಹೇರಿದರು, ಅದನ್ನು ನಡೆಸುವ ಅಧಿಕಾರ ಅಯೂಬ್ ಕೈಗೆ ಕೊಟ್ಟರು. ಅಕ್ಟೋಬರ್ 27ರಂದು ಅಯೂಬ್ ಅದೇ ಮಿರ್ಜಾ ಎದುರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದೇ ದಿನ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಮುನೀರ್, ಗೆದ್ದ ಕ್ರಾಂತಿ ತಾನೇ ಕಾನೂನಿಗೆ ಮೂಲವಾಗುತ್ತದೆ ಎಂಬ ತೀರ್ಪು ಕೊಟ್ಟರು. ಅದೇ ರಾತ್ರಿ ಮೂವರು ಜನರಲ್‌ಗಳು ಮಿರ್ಜಾ ಮನೆಗೆ ಹೋಗಿ ರಾಜೀನಾಮೆಗೆ ಸಹಿ ಹಾಕಿಸಿಕೊಂಡರು. ಬೆಳಿಗ್ಗೆ ಪ್ರಮಾಣ, ರಾತ್ರಿ ಪದಚ್ಯುತಿ. ಮಿರ್ಜಾ ಲಂಡನ್ನಿಗೆ ಹೋದವರು ಮತ್ತೆ ತಮ್ಮ ದೇಶದ ಮಣ್ಣು ಮೆಟ್ಟಲಿಲ್ಲ. ಮರುವರ್ಷ ಅಯೂಬ್ ಫೀಲ್ಡ್ ಮಾರ್ಷಲ್ ಆದರು, ಆ ಪದವಿ ಕೊಟ್ಟದ್ದು ಅವರೇ ನೇಮಿಸಿದ ಸಂಪುಟ. ನಮ್ಮ ಕಾರ್ಯಪ್ಪನವರಿಗೆ ಅದೇ ಪದವಿ ಸಿಕ್ಕಿದ್ದು 1986ರಲ್ಲಿ, ನಿವೃತ್ತರಾಗಿ ಮೂವತ್ತಮೂರು ವರ್ಷ ಕಳೆದ ಮೇಲೆ.

ಅಯೂಬ್ ಕೆಲಸ ಮಾಡಲಿಲ್ಲವೇ ಅಂತ ಕೇಳುವವರಿದ್ದಾರೆ. ಮಾಡಿದರು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಜೊತೆ ಸಿಂಧೂ ಜಲ ಒಪ್ಪಂದಕ್ಕೆ ಸಹಿ ಹಾಕಿದರು, ಮಂಗ್ಲಾ ಅಣೆಕಟ್ಟು ಕಟ್ಟಿಸಿದರು, ಇಸ್ಲಾಮಾಬಾದ್ ಎಬ್ಬಿಸಿದರು. ಎರಡನೇ ಮದುವೆ, ತಲಾಖ್‌ಗಳಿಗೆ ಕಡಿವಾಣ ಹಾಕಿದ 1961ರ ಕುಟುಂಬ ಕಾನೂನನ್ನು ಧರ್ಮಗುರುಗಳ ಎದುರು ನಿಂತು ತಂದರು. ಅದು ದೊಡ್ಡ ಕೆಲಸ, ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವ ಇದೆ, ಮುಚ್ಚಿಡುವುದಿಲ್ಲ. ಉದ್ಯಮವೂ ಬೆಳೆಯಿತು. ಆದರೆ ಯಾರ ಮನೆ ಬೆಳಗಿತು? 1968ರಲ್ಲಿ ಅವರದೇ ಯೋಜನಾ ಆಯೋಗದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ದೇಶದ ಉದ್ಯಮದ ಮೂರನೇ ಎರಡು ಪಾಲು 22 ಕುಟುಂಬಗಳ ಕೈಯಲ್ಲಿದೆ ಎಂದು ಲೆಕ್ಕ ಹೇಳಿದರು. ಅಯೂಬ್ ಮಗ ಸೈನ್ಯ ಬಿಟ್ಟು ಹೆಣ್ಣು ಕೊಟ್ಟ ಮಾವನ ಜೊತೆ ಸೇರಿ ಜನರಲ್ ಮೋಟಾರ್ಸ್ ಕಾರ್ಖಾನೆ ಕೊಂಡ. ಭ್ರಷ್ಟಾಚಾರ ತೊಳೆಯುತ್ತೇವೆ ಎಂದು ಬಂದ ಆಡಳಿತ ಅದು.

ಇದಕ್ಕಿಂತ ಕೆಟ್ಟದ್ದು ಅವರು ಹೂಡಿದ ಮತದ ಯಂತ್ರ. ‘ಬೇಸಿಕ್ ಡೆಮಾಕ್ರಸಿ’ ಅಂತ ಅದಕ್ಕೆ ಹೆಸರು. ಸರಿಸುಮಾರು ಸಾವಿರ ಜನಕ್ಕೆ ಒಬ್ಬನಂತೆ ಹಳ್ಳಿ-ಪೇಟೆಗಳಿಂದ ಪೂರ್ವ ಪಾಕಿಸ್ತಾನಕ್ಕೆ (ಇಂದಿನ ಬಾಂಗ್ಲಾದೇಶ) 40,000, ಪಶ್ಚಿಮ ಪಾಕಿಸ್ತಾನಕ್ಕೆ 40,000 ಸದಸ್ಯರು. ಅವರ ಮೇಲೆ ತಹಸೀಲು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು. ಮೇಲಿನ ಮೆಟ್ಟಿಲುಗಳ ಅಧ್ಯಕ್ಷತೆ ಸರ್ಕಾರಿ ಅಧಿಕಾರಿಯದು. ಕಾಗದದ ಮೇಲೆ ನಮ್ಮ ಪಂಚಾಯಿತಿಯ ಹಾಗೇ ಕಾಣುತ್ತದೆ. ವಿಷ ಇರುವುದು ಮುಂದೆ. ರಾಷ್ಟ್ರಾಧ್ಯಕ್ಷನನ್ನು ಆರಿಸುವವರೂ ಈ 80,000 ಜನರೇ. ಒಂಬತ್ತು ಕೋಟಿ ದಾಟಿದ ದೇಶದಲ್ಲಿ ಉಳಿದವರಿಗೆ ಆ ಮತ ಇಲ್ಲ. ಊರಿನ ರಸ್ತೆ, ಸೇತುವೆ, ಬಾವಿಯ ದುಡ್ಡು ಇದೇ ಸದಸ್ಯರ ಮೂಲಕ ಹರಿಯುತ್ತದೆ, ಮಂಜೂರು ಮಾಡುವವನು ಡೆಪ್ಯುಟಿ ಕಮಿಷನರ್, ಅವನ ಮೇಲಿನ ಸರ್ಕಾರ ಅಯೂಬ್‌ರದು. ಸದಸ್ಯನೊಬ್ಬ ಅಯೂಬ್‌ಗೆ ವಿರುದ್ಧ ಮತ ಹಾಕಿದರೆ ಮರುದಿನ ಅವನ ಊರಿನ ಕಾಮಗಾರಿ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು. 1960ರ ಫೆಬ್ರವರಿಯಲ್ಲಿ ಅವರ ಮುಂದಿಟ್ಟ ಪ್ರಶ್ನೆ ಒಂದೇ: ಅಯೂಬ್ ಮೇಲೆ ವಿಶ್ವಾಸ ಇದೆಯೋ ಇಲ್ಲವೋ. ನೂರಕ್ಕೆ ತೊಂಬತ್ತೈದು ಮಂದಿ ಇದೆ ಅಂದರು.

ಅಷ್ಟು ಬಿಗಿದ ಯಂತ್ರವನ್ನೂ 1965ರ ಜನವರಿಯ ಅಧ್ಯಕ್ಷ ಚುನಾವಣೆಯಲ್ಲಿ ಜಿನ್ನಾ ತಂಗಿ ಫಾತಿಮಾ ಎಪ್ಪತ್ತೊಂದರ ವಯಸ್ಸಿನಲ್ಲಿ ಅಯೂಬ್ ಎದುರು ನಿಂತು ಅಲ್ಲಾಡಿಸಿದರು. ಢಾಕಾ ಅವರ ಪಾಲಾಯಿತು, ಕರಾಚಿಯೂ. ಎಲ್ಲರಿಗೂ ಮತ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಅವತ್ತಿನಿಂದ ಗೆದ್ದ ಅಯೂಬ್‌ರನ್ನು ಬಿಡಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕಾಶ್ಮೀರಕ್ಕೆ ನುಸುಳುಕೋರರನ್ನು ಕಳಿಸಿದರು. ಜನ ದಂಗೆ ಏಳುತ್ತಾರೆ ಎಂಬ ಲೆಕ್ಕ ತಪ್ಪಿತು, ಭಾರತ ಅಂತರರಾಷ್ಟ್ರೀಯ ಗಡಿ ದಾಟುವುದಿಲ್ಲ ಎಂಬ ಲೆಕ್ಕವೂ ತಪ್ಪಿತು, ಸೆಪ್ಟೆಂಬರ್ 6ಕ್ಕೆ ನಮ್ಮ ಸೈನ್ಯ ಲಾಹೋರಿನ ದಿಕ್ಕಿಗೆ ನುಗ್ಗಿತು. ಪತ್ರಿಕೆಗಳ ಬಾಯಿಗೆ ಮೊದಲೇ ಬೀಗ ಜಡಿದಿದ್ದರಿಂದ ಇದು ತಪ್ಪು ಲೆಕ್ಕ ಎಂದು ಹೇಳುವವರು ಸುತ್ತ ಉಳಿದಿರಲಿಲ್ಲ.

ಶಿಸ್ತಿನ ಮಾತಿಗೇ ಮತ್ತೆ ಬರುತ್ತೇನೆ, ಯಾಕೆಂದರೆ ನನ್ನ ಸಿಟ್ಟೆಲ್ಲ ಅಲ್ಲೇ ಇರುವುದು. 1962ರ ಸಂವಿಧಾನ ಅಯೂಬ್ ತಾವೇ ಬರೆಸಿ ದೇಶಕ್ಕೆ ಕೊಟ್ಟದ್ದು. ಅಧ್ಯಕ್ಷನ ಸ್ಥಾನ ತೆರವಾದರೆ ರಾಷ್ಟ್ರೀಯ ಸಭೆಯ ಸ್ಪೀಕರ್ ಹಂಗಾಮಿ ಅಧ್ಯಕ್ಷನಾಗಬೇಕು ಎಂದು ಅದರಲ್ಲೇ ಇತ್ತು. 1969ರ ಮಾರ್ಚಿನ ಹೊತ್ತಿಗೆ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದು ಎರಡೂ ಕಡೆ ದೇಶ ಉರಿಯುತ್ತಿದ್ದಾಗ ಸ್ಪೀಕರ್ ಆಗಿದ್ದವರು ಅಬ್ದುಲ್ ಜಬ್ಬಾರ್ ಖಾನ್, ಪೂರ್ವ ಪಾಕಿಸ್ತಾನದ ಬಂಗಾಳಿ. ಮಾರ್ಚ್ 25ರಂದು ಅಯೂಬ್ ಇಳಿದರು. ಅಧಿಕಾರವನ್ನು ಸ್ಪೀಕರ್‌ಗೆ ಕೊಡಲಿಲ್ಲ, ಸೇನಾ ಮುಖ್ಯಸ್ಥ ಯಾಹ್ಯಾ ಖಾನ್ ಕೈಗಿಟ್ಟರು. ಸ್ವಂತ ಕೈಬರಹದ ಆಜ್ಞೆಯನ್ನೇ ಪಾಲಿಸದವರನ್ನು ಯಾವ ಬಾಯಲ್ಲಿ ಶಿಸ್ತಿನ ಮನುಷ್ಯ ಅನ್ನುತ್ತೀರಿ? ಸರಿಯಾಗಿ ಎರಡು ವರ್ಷಕ್ಕೆ, 1971ರ ಮಾರ್ಚ್ 25ರ ರಾತ್ರಿ, ಆ ಯಾಹ್ಯಾ ಸೈನ್ಯ ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳ ಮೇಲೆ ಗುಂಡು ಹಾರಿಸಿತು. ಚುನಾವಣೆಯಲ್ಲಿ ಗೆದ್ದಿದ್ದ ಬಂಗಾಳಿಗಳಿಗೆ ಅಧಿಕಾರ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಕಾರ್ಯಪ್ಪನವರಿಗೂ ರಾಜಕಾರಣಿಗಳ ಮೇಲೆ ಸಿಟ್ಟಿತ್ತು, ಸೇನೆಯ ಆಡಳಿತದ ಪರವಾಗಿಯೂ ಮಾತಾಡಿದ್ದುಂಟು. ಆದರೆ ಸಂಸತ್ತಿಗೆ ಹೋಗಬೇಕು ಅನ್ನಿಸಿದಾಗ ಅವರು ಮಾಡಿದ್ದು ನಾಮಪತ್ರ ಸಲ್ಲಿಸುವ ಕೆಲಸ. ಅದೇ 1971ರ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ ಬೊಂಬಾಯಿಯ ಈಶಾನ್ಯ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು, ಮತ ಕೇಳಿದರು, ಸೋತರು, ಮಡಿಕೇರಿಯ ರೋಶನಾರಾ ಮನೆಗೆ ಮರಳಿದರು.