ಸೊನ್ನೆಯ ಮನೆ

ನಡುರಾತ್ರಿ ಕರೆಗಂಟೆ ಒತ್ತಿದವರು ಎರಡು ಸೂಟ್‌ಕೇಸ್ ಹಿಡಿದು, “ಒಂದನೇ ಮಹಡಿ ಇದೇ ತಾನೆ?” ಎಂದರು. ಅಲ್ಲ, ಅದು ನನ್ನ ತಲೆಯ ಮೇಲಿದೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅಮೆರಿಕದಿಂದ ಬಂದವರು. ಅಲ್ಲಿ ನೆಲಕ್ಕೆ ಹತ್ತಿಕೊಂಡದ್ದೇ ಒಂದನೇ ಮಹಡಿ. ರಷ್ಯ, ಜಪಾನುಗಳಲ್ಲೂ ಹಾಗೆಯೇ. ಬ್ರಿಟಿಷರ ಲೆಕ್ಕದಲ್ಲಿ ಮಾತ್ರ ಮೆಟ್ಟಿಲು ಹತ್ತಿದ ಮೇಲೆಯೇ ಎಣಿಕೆ ಶುರು. ಆ ಲೆಕ್ಕದ ಪ್ರಕಾರ ನಾನು ವಾಸಿಸುತ್ತಿರುವುದು ಸೊನ್ನೆಯಲ್ಲಿ.

ಸೊನ್ನೆಯಾದರೂ ಎಲ್ಲರಿಗೂ ಬೇಕು. ಮೇಲಿನವರು ಇಲ್ಲದಾಗ ಅವರ ಪಾರ್ಸೆಲ್ ನನಗೆ, ಬೀಗದ ಕೈ ನನಗೆ, ಅವರು ಯಾವಾಗ ಬರುತ್ತಾರೆಂಬ ಪ್ರಶ್ನೆಯೂ ನನಗೆ. ಮೇಲಿನಿಂದ ಉದುರುವುದೆಲ್ಲ ನನಗೆ. ಕಳೆದ ತಿಂಗಳು ಒಂದು ಕಾಲುಚೀಲ ಬಿತ್ತು. ಬೂದು ಬಣ್ಣ, ಹೆಬ್ಬೆರಳಿನ ಬಳಿ ತೂತು. ಹಿಂದಿರುಗಿಸೋಣವೆಂದು ಒಂದನೇ ಮಹಡಿಗೆ ಹೋದೆ, ತಮ್ಮದಲ್ಲ ಎಂದರು. ಎರಡನೆಯವರು ತೂತನ್ನು ನೋಡಿ, “ನಮ್ಮ ಮನೆಯಲ್ಲಿ ಇಂಥದ್ದು ಹಾಕುವುದಿಲ್ಲ” ಎಂದು ಬಾಗಿಲು ಹಾಕಿಕೊಂಡರು. ಮೂರನೆಯವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ, ಕೊನೆಗೆ “ನಿಮ್ಮದೇ ಇರಬೇಕು” ಎಂದರು. ನನ್ನದು! ಮೇಲಕ್ಕೆ ಬೀಳುವ ಕಾಲುಚೀಲವನ್ನು ನಾನಿನ್ನೂ ಕಂಡಿಲ್ಲ. ಆ ಮಾತಿಗೆ ತಕ್ಕ ಉತ್ತರ ಮನೆಗೆ ಬಂದು ಅರ್ಧ ಗಂಟೆಯ ಮೇಲೆ ಹೊಳೆಯಿತು. ಅದನ್ನು ಹೇಳಿ ಬರಲು ಮತ್ತೆ ಮೂರು ಮಹಡಿ ಹತ್ತುವಷ್ಟು ದ್ವೇಷ ನನ್ನಲ್ಲಿರಲಿಲ್ಲ, ಮಂಡಿನೋವಿತ್ತು.

ಅಂತಸ್ತು ಎಂದರೆ ನಮ್ಮಲ್ಲಿ ಮಹಡಿಯೂ ಹೌದು, ಸ್ಥಾನಮಾನವೂ ಹೌದು. ಆದರೆ ಎತ್ತರಕ್ಕೆ ಈ ಬೆಲೆ ಬಂದದ್ದೇ ಇತ್ತೀಚೆಗೆ. 1857ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಓಟಿಸ್ ಎಂಬಾತ ರೂಪಿಸಿದ ಲಿಫ್ಟು ಜನರನ್ನು ಹೊತ್ತು ಏರಿತು. ಅದಕ್ಕೆ ಮೊದಲು ಪ್ಯಾರಿಸ್ಸಿನಂಥ ಊರಿನಲ್ಲಿ ಬಡವರೇ ಮಾಳಿಗೆಯ ತುದಿಗೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಲಿಫ್ಟು ಬಂದು ಮೇಲುಕೀಳನ್ನು ಅದಲುಬದಲು ಮಾಡಿತು. ನೆಲದವರಿಗೆ ಆಗಲೂ ಬಡ್ತಿಯಿಲ್ಲ, ಈಗಲೂ ಇಲ್ಲ.

ಇಂಗ್ಲಿಷಿನವರು ಮಾತ್ರ ಹೊಸ ಉದ್ಯಮಕ್ಕೆ ಮೊದಲಲ್ಲೇ ಸೇರಿ ಲಾಭ ಮಾಡಿಕೊಳ್ಳುವುದನ್ನು ‘ನೆಲಮಹಡಿಯಲ್ಲೇ ಒಳಹೊಗುವುದು’ ಎನ್ನುತ್ತಾರೆ. ಪರಿಚಿತರೊಬ್ಬರು ಇದೇ ಮಾತು ಹೇಳಿ ನನ್ನಿಂದ ಹಣ ಹಾಕಿಸಿದರು. ಏನಾಯಿತೆಂದು ಹೇಳಲು ಕನ್ನಡದ ‘ನೆಲಕಚ್ಚುವುದು’ ಸಾಕು.

ನೆಲದಲ್ಲಿರುವುದರ ಹಿರಿಮೆಯ ಬಗ್ಗೆ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಇನ್ನೊಂದು ಕಾಲುಚೀಲ ಬಿತ್ತು. ನೀಲಿಯದು.